ಇದ್ಯಾರ್ದು ಬಟ್ಟೆ?

ನಮ್ಮ ದೊಡ್ಡಪ್ಪನನ್ನು ನಾನು ಒಮ್ಮೆ ಸಾಯಿಸಿದ್ದೇನೆ. ಆಸ್ತಿಗಲ್ಲ, ಜಗಳಕ್ಕಲ್ಲ, ಅಂಗೈಯಗಲದ ಒಂದು ಲುಂಗಿ ತುಂಡಿಗಾಗಿ. ದೊಡ್ಡಪ್ಪ ಈಗಲೂ ನಮ್ಮೂರು ಕುದೇರಿನಲ್ಲಿ ಗಟ್ಟಿಮುಟ್ಟಾಗಿದ್ದಾರೆ, ಅವರು ಮುದ್ದೆ ಮುರಿಯುವಾಗ ತಟ್ಟೆಯೇ ಒಂದು ಸುತ್ತು ತಿರುಗುತ್ತದೆ. ಆದರೆ ನನಗೆ ಹೆಣ್ಣು ಕೊಡುವ ಮುಂಚೆ ಮನೆ ನೋಡಿ ಹೋಗೋಣವೆಂದು ಗುಂಡ್ಲುಪೇಟೆಯಿಂದ ಬಂದವರ ಮುಂದೆ, ಚಾಮರಾಜನಗರದ ನಮ್ಮದೇ ಮನೆಯ ಹಾಲ್‌ನಲ್ಲಿ, ಅವರ ಸಾವಿನ ಸುದ್ದಿ ಹೊರಬಿತ್ತು. ಸುದ್ದಿ ಹೊರಬಿದ್ದಾಗ ಅವರು ಅಲ್ಲೇ ಕುರ್ಚಿಯ ಮೇಲೆ ಕುಳಿತು ಕೇಸರಿಬಾತ್ ತಿನ್ನುತ್ತಿದ್ದರು.

ಸುದ್ದಿ ಹೇಳಿದವರು ನಮ್ಮ ಪಕ್ಕದ ಮನೆಯ ಬೊಂತೆ ಅತ್ತೆ. ಅವರದು ಏನೂ ತಪ್ಪಿಲ್ಲ. ತಪ್ಪು ಪೂರ್ತಿ ನನ್ನದು, ಅದರಲ್ಲಿ ಪಾಲು ಕೇಳಲು ಇವತ್ತಿನವರೆಗೂ ಯಾರೂ ಬಂದಿಲ್ಲ.

ಹಳೇ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿದ ಹೊದಿಕೆಗೆ ಉತ್ತರದ ಕಡೆ ಕೌದಿ ಅನ್ನುತ್ತಾರಂತೆ, ನಮ್ಮ ಮನೆಗಳಲ್ಲಿ ಅದು ಬೊಂತೆ. ಚಳಿಗಾಲದಲ್ಲಿ ಹೊದೆಯುವುದು, ನೆಂಟರು ಬಂದರೆ ಮಂಚದ ಕೆಳಗೆ ತಳ್ಳುವುದು, ಇಷ್ಟೇ ಅದರ ಯೋಗ್ಯತೆ ಎಂದು ನಾವೆಲ್ಲ ತಿಳಿದಿದ್ದೆವು. ಅತ್ತೆ ಮಂಚದ ಕೆಳಗಿದ್ದ ಅದನ್ನು ಎಳೆದು ತಂದು ಗೋಡೆಗೆ ಏರಿಸಿದರು. ಸೋಫಾಕ್ಕೆ, ಕಿಟಕಿಗೆ, ಊಟದ ಟೇಬಲ್ಲಿಗೆ, ದೀಪದ ಬುರುಡೆಗೆ ಹಾಕಿದರು. ಅವರ ಮನೆಯಲ್ಲಿ ತೇಪೆ ಬೀಳದ ವಸ್ತುವೇ ಇರಲಿಲ್ಲ. ಗ್ಯಾಸ್ ಸಿಲಿಂಡರ್ ನೆರಿಗೆ ಲಂಗ ಉಟ್ಟುಕೊಂಡು ನಿಂತಿರುತ್ತಿತ್ತು. ಮಿಕ್ಸಿಗೆ ಕುಲಾವಿ. ಬಾಗಿಲ ಪರದೆ ಅವರ ಮಗಳ ಶಾಲೆಯ ಯೂನಿಫಾರ್ಮುಗಳದ್ದು. ಕೆಳಗೆ ಒಂದನೇ ಕ್ಲಾಸಿನ ಪುಟ್ಟ ಜೇಬು, ಮೇಲೆ ಹತ್ತನೇ ಕ್ಲಾಸಿನ ದುಪಟ್ಟಾ. ಕೆಳಗಿನಿಂದ ಮೇಲಕ್ಕೆ ಕಣ್ಣು ಹಾಯಿಸಿದರೆ ಹುಡುಗಿ ಬೆಳೆದದ್ದು ಕಾಣುತ್ತಿತ್ತು.

ಅತ್ತೆಯ ಎತ್ತರ ಕಡಿಮೆ, ದನಿ ಎತ್ತರ. ಕನ್ನಡಕ ತೀರಿಹೋದ ಗಂಡನದು. ಅದರ ಪವರ್ ಇವರ ಕಣ್ಣಿಗೆ ಹೊಂದುವುದಿಲ್ಲವೆಂದು ಕಣ್ಣಿನ ಡಾಕ್ಟರು ಬೈದು ಕಳಿಸಿದ್ದರು. ಹೊಸದು ಮಾಡಿಸಿಕೊಳ್ಳಿ ಎಂದರೆ, ಇಷ್ಟು ವರ್ಷ ಅವರು ಇದರಲ್ಲೇ ನನ್ನನ್ನು ನೋಡುತ್ತಿದ್ದರು, ಈಗ ನಾನು ಇದರಲ್ಲಿ ನೋಡುತ್ತೇನೆ, ನಿಮಗೇನು ಕಷ್ಟ ಅನ್ನುತ್ತಿದ್ದರು. ದಾರ ಪೋಣಿಸಿದ ಸೂಜಿಗಳನ್ನು ಎಡ ಭುಜದ ಸೆರಗಿಗೆ ಸಾಲಾಗಿ ಚುಚ್ಚಿಕೊಂಡಿರುತ್ತಿದ್ದರು. ಕೆಂಪು, ಕಪ್ಪು, ಬಿಳಿ ದಾರಗಳು ನೇತಾಡುತ್ತಾ ಮಿಲಿಟರಿ ಅಧಿಕಾರಿಯ ಪದಕಗಳ ಹಾಗೆ ಕಾಣುತ್ತಿದ್ದವು. ಅತ್ತೆಯನ್ನು ಪ್ರೀತಿಯಿಂದ ತಬ್ಬಿಕೊಂಡವರು ಅಲ್ಲಿಂದ ನೇರ ಟಿಟಿ ಇಂಜೆಕ್ಷನ್‌ಗೆ ಹೋಗಬೇಕಿತ್ತು.

ವಿನಯ ಅನ್ನುವುದು ಅವರ ಬಳಿ ತೇಪೆಗೂ ಇರಲಿಲ್ಲ. ತಾವು ಹೊಲಿದದ್ದನ್ನು ತಾವೇ ಹೊಗಳಿಕೊಂಡು, ನಾವು ಹೊಗಳಲು ತಡ ಮಾಡಿದರೆ ಮುನಿಸಿಕೊಳ್ಳುತ್ತಿದ್ದರು. ಬೀದಿಯ ಕೊನೆಯ ಮನೆಯ ಮೇಡಂ ಒಮ್ಮೆ ಮೂಗು ಮುರಿದು, ಎಷ್ಟು ಚೆಂದ ಮಾಡಿದರೂ ಚಿಂದಿ ಚಿಂದಿಯೇ ಅಲ್ಲವೇ ಎಂದರಂತೆ. ಅತ್ತೆ ಸೂಜಿಯಿಂದ ತಲೆ ಎತ್ತದೆ, "ನೀವು ಉಟ್ಟಿರದೂ ಚಿಂದಿನೇ ಕಣಮ್ಮ, ಇನ್ನೂ ಅರ್ದಿಲ್ಲ ಅಷ್ಟೇಯ," ಅಂದರು. ಮುಂದಿನ ವಾರ ಮೇಡಂ ಹಳೇ ಸೀರೆಗಳ ಗಂಟು ಹೊತ್ತು ಬಂದರು.

ಅತ್ತೆಯದು ಇನ್ನೊಂದು ಹಠ. ಎಷ್ಟೇ ಚೆಂದದ ಬೊಂತೆಯಾಗಲಿ, ಅದರಲ್ಲಿ ಒಂದು ತುಂಡು ಕಣ್ಣು ಕುಕ್ಕುವಷ್ಟು ಕೆಟ್ಟದಾಗಿರಬೇಕು. ಅದು ದೃಷ್ಟಿಬೊಟ್ಟು. ಮಗುವಿನ ಕೆನ್ನೆಗೆ ಕಾಡಿಗೆ ಇಡುವುದಿಲ್ಲವೇ, ಹಾಗೆ. ಆ ತುಂಡಿಗಾಗಿ ಅವರು ಯಾವಾಗಲೂ ನನ್ನ ಅಂಗಿಗಳ ಮೇಲೆ ಕಣ್ಣಿಟ್ಟಿರುತ್ತಿದ್ದರು.

ಆದರೆ ಅತ್ತೆ ಅಂದರೆ ಅವರ ಒಂದು ಪ್ರಶ್ನೆ. ಯಾವ ತುಂಡು ಕೈಗೆ ಬಂದರೂ ಮೊದಲು ಹೆಬ್ಬೆರಳಿನಿಂದ ಉಜ್ಜಿ, ಕನ್ನಡಕದ ಮೇಲಿನಿಂದ ನೋಡಿ ಕೇಳುತ್ತಿದ್ದರು: "ಇದ್ಯಾರ್ದು?" ಉತ್ತರ ಬರುವ ತನಕ ಕತ್ತರಿ ಏಳುತ್ತಿರಲಿಲ್ಲ. ಯಾರೋ ಉಟ್ಟಿರಬೇಕು, ಯಾರದೋ ಬೆವರು ಕುಡಿದಿರಬೇಕು. ಹೆಸರಿಲ್ಲದ ಬಟ್ಟೆಗೆ ಅವರು ಇಟ್ಟ ಹೆಸರು ಬೇವಾರ್ಸಿ ಬಟ್ಟೆ. ಅದಕ್ಕೆ ಅವರು ಸೂಜಿ ಮುಟ್ಟಿಸಿದವರಲ್ಲ. ಬಂಡೀಪುರದ ಕಡೆಯ ಹೋಂಸ್ಟೇಯೊಂದರ ಮಾಲೀಕ ಕಾರಿನಲ್ಲಿ ಬಂದು, ಪ್ರತಿ ರೂಮಿಗೂ ಒಂದೊಂದು ಗೋಡೆ ಬೊಂತೆ ಬೇಕು, ಬಟ್ಟೆ ಯಾವುದಾದರೂ ನಡೆಯುತ್ತದೆ ಎಂದ. ಯಾವುದಾದರೂ ನಡೆಯುವುದಾದರೆ ಬೆಡ್‌ಶೀಟ್ ನೇತುಹಾಕಿಕೋ ಎಂದು ಅತ್ತೆ ಕಾಫಿ ಕುಡಿಸಿ ಕಳಿಸಿದರು. ಅವನು ಮತ್ತೆ ಬಂದದ್ದು ಅವರಮ್ಮನ ಟ್ರಂಕ್ ಹೊತ್ತುಕೊಂಡು. ನಮ್ಮ ಬೀದಿಯ ಕಾನ್‌ಸ್ಟೇಬಲ್‌ನ ಹಳೇ ಪ್ಯಾಂಟು ದಿಂಬಿನ ಕವರ್ ಆಗಿ ಅತ್ತೆಯ ದಿವಾನದ ಮೇಲಿತ್ತು. ಅದಕ್ಕೆ ಒರಗಿದವರು ತಾವಾಗಿಯೇ ನೆಟ್ಟಗೆ ಕೂರುತ್ತಿದ್ದರು.

ಇಂಥವರ ಪಕ್ಕದ ಮನೆಯಲ್ಲಿ ನಾನು ಇದ್ದೆ. ಈಗ ನನ್ನ ಮನೆಯ ಕಥೆಗೆ ಬರುತ್ತೇನೆ.

ಬದನಗುಪ್ಪೆಯ ಫ್ಯಾಕ್ಟರಿಯೊಂದರ ಸ್ಟೋರ್‌ನಲ್ಲಿ ನನಗೆ ಕೆಲಸ. ಅಪ್ಪ ನಾನು ಚಿಕ್ಕವನಿದ್ದಾಗಲೇ ಹೋದರು. ನನಗಿರುವುದು ಅವ್ವ. ಊರಿನಲ್ಲಿ ಹಿರಿಯರೆಂದರೆ ದೊಡ್ಡಪ್ಪ ಒಬ್ಬರೇ, ಅವರಿಗೆ ಮಕ್ಕಳಿಲ್ಲ. ಸಾಲ ಸೋಲ ಮಾಡಿ ಚಾಮರಾಜನಗರದಲ್ಲಿ ಪುಟ್ಟ ಮನೆ ಕಟ್ಟಿದ ಮೇಲೆ ಹೆಣ್ಣು ನೋಡಲು ಶುರು ಮಾಡಿದೆವು. ಮೊದಲು ಬಂದ ಸಂಬಂಧದವರು ಮನೆಯನ್ನೆಲ್ಲ ನೋಡಿ, ಹುಡುಗ ಪರವಾಗಿಲ್ಲ, ಮನೆ ಮಾತ್ರ ಬಿಕೋ ಅನ್ನುತ್ತದೆ, ಬಳಗವೇ ಇಲ್ಲ ಎಂದು ಹೇಳಿ ಕಳಿಸಿದರು. ಅವ್ವ ಆ ದಿನ ಸಂಜೆಯವರೆಗೂ ಹಾಲ್‌ನ ಖಾಲಿ ಗೋಡೆಯನ್ನು ನೋಡುತ್ತಾ ಅವರೆಕಾಯಿ ಸುಲಿದರು. ಮುಂದಿನ ಸಂಬಂಧವೂ ಹೀಗೇ ಹೋದರೆ ಅವ್ವ ಇನ್ನು ಯಾರನ್ನೂ ಮನೆಗೆ ಕರೆಯುವುದಿಲ್ಲವೆಂದು ನನಗೆ ಗೊತ್ತಾಯಿತು.

ಬಿಕೋ ಅನ್ನುವ ಮನೆಯನ್ನು ತುಂಬಿಸುವ ಕೆಲಸಕ್ಕೆ ನಾನೇ ಇಳಿದೆ. ಫೋನಿನಲ್ಲಿ ಮನೆ ಅಲಂಕಾರದ ವೀಡಿಯೊ ನೋಡಿ ನೋಡಿ ಡಿಗ್ರಿ ಪಡೆದುಕೊಂಡೆ. ಗೋಡೆಗೆ ಜಲಪಾತದ ಚಿತ್ರವಿದ್ದ ದೊಡ್ಡ ಸ್ಟಿಕ್ಕರ್ ಅಂಟಿಸಿದೆ. ಅವ್ವ ಸೀರಿಯಲ್ ನೋಡುತ್ತಿದ್ದಾಗ ಜಲಪಾತ ಮೇಲಿನಿಂದ ಬಿಟ್ಟುಕೊಂಡು ಟಿವಿಯ ಸಮೇತ ಅವ್ವನನ್ನೂ ಮುಚ್ಚಿತು. ಒಂದು ಮೊಳೆ ಹೊಡೆಯೋಣವೆಂದು ಡ್ರಿಲ್ ತಂದರೆ ಅದು ಅಡುಗೆಮನೆಯಲ್ಲಿ ಹೊರಬಂದು ಒಗ್ಗರಣೆಯ ಬಾಣಲೆಗೆ ಸಿಮೆಂಟು ಉದುರಿಸಿತು. ಹೊಸ ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡು, ಅರ್ಧ ಒಳಗೆ ಅರ್ಧ ಬೀದಿಯಲ್ಲಿ ನಿಂತಿತು. ಆ ಸಂಜೆ ದಾರಿಹೋಕರು ಅದರ ಮೇಲೆ ಕುಳಿತು ದಣಿವಾರಿಸಿಕೊಂಡರು. ಈ ಹೊತ್ತಿಗೆ ಗುಂಡ್ಲುಪೇಟೆಯಿಂದ ಸಂಬಂಧ ಬಂತು. ಹುಡುಗಿಯನ್ನು ನಾವು ನೋಡಿ ಬಂದೆವು, ಅವಳೂ ನನ್ನನ್ನು ನೋಡಿ ನಗು ತಡೆದುಕೊಂಡಳು, ಅದನ್ನು ಒಪ್ಪಿಗೆ ಎಂದು ಎಲ್ಲರೂ ತೀರ್ಮಾನಿಸಿದರು. ಇನ್ನು ಅವರ ಕಡೆಯವರು ಮನೆ ನೋಡಲು ಬರುವುದೊಂದು ಬಾಕಿ. ನಾನು ಅತ್ತೆಯ ಕಾಲಿಗೆ ಬಿದ್ದೆ.

ಅತ್ತೆ ನಮ್ಮ ಹಾಲ್‌ನಲ್ಲಿ ನಿಂತು ಒಂದು ಸುತ್ತು ನೋಡಿ, ಆ ಖಾಲಿ ಗೋಡೆಗೆ ಪೂರ್ತಿ ಅಗಲದ ಒಂದು ಬೊಂತೆ, ಸೋಫಾಕ್ಕೆ ನಾಲ್ಕು ದಿಂಬು, ಕಿಟಕಿಗೆ ಪರದೆ ಎಂದು ಗೊತ್ತು ಮಾಡಿದರು. ನಿಮ್ಮ ಬಳಗದವರ ಹಳೇ ಬಟ್ಟೆಯನ್ನೆಲ್ಲ ತಾ ಎಂದರು.

ಅಲ್ಲೇ ಬಂತು ತೊಂದರೆ. ಹೊಸ ಮನೆಗೆ ಬರುವಾಗ ಮನೆ ನೀಟಾಗಿರಬೇಕೆಂಬ ಹುಚ್ಚಿನಲ್ಲಿ, ಹಳೇ ಬಟ್ಟೆಗೆ ಪಾತ್ರೆ ಕೊಡುವವಳನ್ನು ಕರೆದು ಟ್ರಂಕಿನಲ್ಲಿದ್ದದ್ದನ್ನೆಲ್ಲ ನಾನು ಕೊಟ್ಟುಬಿಟ್ಟಿದ್ದೆ. ಅಜ್ಜಿಯ ಸೀರೆ, ಅಪ್ಪನ ಅಂಗಿ, ನನ್ನ ತೊಟ್ಟಿಲ ಬಟ್ಟೆ, ಎಲ್ಲ ಸೇರಿ ಒಂದು ಪ್ಲಾಸ್ಟಿಕ್ ಟಬ್ಬು ಆಗಿತ್ತು. ಆ ಟಬ್ಬಿನ ತಳ ಆಗಲೇ ಬಿರುಕು ಬಿಟ್ಟಿತ್ತು. ಇದನ್ನು ಅತ್ತೆಗೆ ಹೇಳಿದರೆ ಉಗಿಯುವುದು ಖಂಡಿತ, ಮೇಲೆ ಬೊಂತೆಯೂ ಇಲ್ಲ. ಆದ್ದರಿಂದ ಸಂತೆಗೆ ಹೋಗಿ, ಗಾರ್ಮೆಂಟ್ಸ್‌ನಲ್ಲಿ ಉಳಿದ ಕಟ್‌ಪೀಸುಗಳನ್ನು ತೂಕಕ್ಕೆ ಮಾರುವವನ ಹತ್ತಿರ ಒಂದು ಮೂಟೆ ಹೊತ್ತು ತಂದೆ. ಹಳೆಯದರಂತೆ ಕಾಣಲೆಂದು ರಾತ್ರಿಯೆಲ್ಲ ನೆನೆಸಿ ಬಂಡೆಗೆ ಕುಕ್ಕಿದೆ. ಅವು ಇನ್ನಷ್ಟು ಹೊಳೆದವು.

ಅತ್ತೆ ಮೂಟೆ ಬಿಚ್ಚಿ ಮೊದಲ ತುಂಡು ಎತ್ತಿದರು. ಹಳದಿಯ ಮೇಲೆ ಪುಟ್ಟ ಪುಟ್ಟ ಅನಾನಸ್ ಹಣ್ಣುಗಳು.

"ಇದ್ಯಾರ್ದು?"

"ನಮ್ಮಜ್ಜೀದು ಅತ್ತೆ."

"ನಿಮ್ಮಜ್ಜಿ ಅನಾನಸ್ ಸೀರೆ ಉಡ್ತಿತ್ತಾ?"

"ಮನೇಲಲ್ಲ. ಮೈಸೂರಿಗೆ ಹೋಗುವಾಗ ಮಾತ್ರ."

ಅತ್ತೆ ತಲೆದೂಗಿ ಕತ್ತರಿ ಹಾಕಿದರು. ನನಗೆ ಧೈರ್ಯ ಬಂತು. ಆ ಮಧ್ಯಾಹ್ನ ನಮ್ಮ ವಂಶ ಬೆಳೆದ ಹಾಗೆ ಯಾವ ವಂಶವೂ ಬೆಳೆದಿರಲಾರದು. ನೇರಳೆ ಪಟ್ಟೆಯ ತುಂಡಿಗಾಗಿ ಭೀಮನಬೀಡಿನಲ್ಲಿ ನನಗೊಬ್ಬ ಚಿಕ್ಕತ್ತೆ ಹುಟ್ಟಿದಳು. ಹಸಿರು ಬಟ್ಟೆಗೆ ಮಿಲಿಟರಿಯಲ್ಲಿ ಒಬ್ಬ ಸೋದರಮಾವ ಸೇರಿಕೊಂಡ. ಇಂಗ್ಲಿಷ್ ಅಕ್ಷರಗಳಿದ್ದ ಒಂದು ತುಂಡು ಬಂದಾಗ ಕಾನ್ವೆಂಟ್ ಟೀಚರಾಗಿದ್ದ ದೂರದ ಅಕ್ಕನನ್ನು ಕರೆಸಬೇಕಾಯಿತು. ಬಿಳಿ ಅಂಗಿಯ ಬಟ್ಟೆಯೊಂದು ಬಂತು. ನಿಮ್ಮಪ್ಪಂದಾ ಎಂದು ಅತ್ತೆಯೇ ಕೇಳಿದರು. ಅಪ್ಪನ ಹೆಸರಿನಲ್ಲಿ ಮಾತ್ರ ಸುಳ್ಳು ಬಾಯಿಗೆ ಬರಲಿಲ್ಲ. ಅಲ್ಲ ಎಂದು ಅದನ್ನು ಪಕ್ಕಕ್ಕೆ ಎಳೆದುಕೊಂಡೆ. ಆ ತಡವರಿಕೆಯಲ್ಲೇ ಮುಂದಿನ ತುಂಡು ಬಂತು, ನೀಲಿ ಚೌಕಳಿಯದು.

"ಇದ್ಯಾರ್ದು?"

"ದೊಡ್ಡಪ್ಪಂದು. ಲುಂಗಿ."

ಅತ್ತೆ ಹೆಬ್ಬೆರಳಿನಿಂದ ಉಜ್ಜಿದರು. "ಇಷ್ಟು ಗಟ್ಟಿಯಾಗದೆ, ಬಣ್ಣನೂ ಓಗಿಲ್ಲ. ಉಟ್ಕಳ ಲುಂಗಿ ಯಾಕ್ಲಾ ಕೊಟ್ರು ನಿಮ್ ದೊಡ್ಡಪ್ಪ?"

ಬುದ್ಧಿ ಇರುವ ಸುಳ್ಳುಗಾರ ಇಲಿ ಕಡಿಯಿತು ಅನ್ನುತ್ತಿದ್ದ. ಇಸ್ತ್ರಿ ಹಾಕುವಾಗ ಸುಟ್ಟಿತು ಅನ್ನುತ್ತಿದ್ದ. ನನ್ನ ಬಾಯಿ ನನ್ನ ಅಪ್ಪಣೆಗೆ ಕಾಯಲಿಲ್ಲ.

"ತೀರ್ಕೊಂಡ್ರು ಅತ್ತೆ."

ಅತ್ತೆ ಕತ್ತರಿಯನ್ನು ಕೆಳಗಿಟ್ಟರು. ಏನಾಗಿತ್ತು ಎಂದರು, ಎದೆನೋವು ಎಂದೆ. ಯಾವಾಗ ಎಂದರು, ಹೋದ ತಿಂಗಳು ಎಂದೆ. ನಿಮ್ಮವ್ವ ಒಂದು ಮಾತೂ ಹೇಳಲಿಲ್ಲವಲ್ಲ ಎಂದಾಗ, ಅವ್ವ ಇನ್ನೂ ಸುಧಾರಿಸಿಕೊಂಡಿಲ್ಲ, ದಯವಿಟ್ಟು ಅವರ ಮುಂದೆ ಎತ್ತಬೇಡಿ ಎಂದೆ. ಒಂದು ಸುಳ್ಳು ಹೆತ್ತ ಮೇಲೆ ಅದಕ್ಕೆ ಬಾಣಂತನ ಮಾಡಲೇಬೇಕಲ್ಲ. ಗೃಹಪ್ರವೇಶದ ದಿನ ಅತ್ತೆ ಮಗಳ ಮನೆಗೆ ಹೋಗಿದ್ದರಿಂದ ದೊಡ್ಡಪ್ಪನನ್ನು ಅವರು ನೋಡಿರಲಿಲ್ಲ ಅನ್ನುವುದೊಂದೇ ನನ್ನ ಬಂಡವಾಳ.

ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡು ಅತ್ತೆ ಎದ್ದು ಒಳಗೆ ಹೋದರು. ಬಚ್ಚಲಲ್ಲಿ ಚೊಂಬಿನ ಸದ್ದಾಯಿತು. ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲನ್ನು ಗಂಟು ಕಟ್ಟಿಕೊಳ್ಳುತ್ತಾ ಹೊರಗೆ ಬಂದರು. ಗುರುತಿಲ್ಲದವರಿಗೆ ಯಾಕೆ ಅತ್ತೆ ಸ್ನಾನ ಎಂದರೆ, "ಗುರ್ತಿಲ್ದಿದ್ರೇನ್ಲಾ? ಬಟ್ಟೆ ಮುಟ್ಟಿವ್ನಿ," ಅಂದರು. ಆ ನೀಲಿ ಚೌಕಳಿಯನ್ನು ಬೊಂತೆಯ ನಟ್ಟನಡುವೆ ಇಟ್ಟು ಸುತ್ತಲೂ ಎರಡು ಸಾಲು ಹೊಲಿಗೆ ಹಾಕಿದರು.

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಒದ್ದೆ ಕೂದಲಿನವರ ಎದುರು ಬಾಯಿ ಬರಲಿಲ್ಲ.

ಬೊಂತೆ ಗೋಡೆಗೆ ಏರಿದ ದಿನ ನಮ್ಮ ಹಾಲ್ ನಮ್ಮದು ಅನ್ನಿಸಲಿಲ್ಲ. ಇಷ್ಟು ದಿನ ಮಾತಾಡಿದರೆ ಪ್ರತಿಧ್ವನಿ ಬರುತ್ತಿದ್ದ ಕೋಣೆ ಮಾತನ್ನು ಒಳಗೆಳೆದುಕೊಂಡು ಬೆಚ್ಚಗಾಯಿತು. ಅವ್ವ ಅದರ ಮುಂದೆ ಒಂದು ಚಾಪೆ ಹಾಕಿಕೊಂಡು ಸುಮ್ಮನೆ ಕುಳಿತರು. ಬಟ್ಟೆಯೆಲ್ಲ ಅತ್ತೆ ತಂದದ್ದೆಂದು ಅವ್ವ ತಿಳಿದಿದ್ದರು, ನಮ್ಮದೆಂದು ಅತ್ತೆ ತಿಳಿದಿದ್ದರು, ಇಬ್ಬರ ನಡುವೆ ನಾನು ಟ್ರಾಫಿಕ್ ಪೊಲೀಸನ ಹಾಗೆ ನಿಂತು ಮಾತು ತಿರುಗಿಸುತ್ತಿದ್ದೆ. ಇಡೀ ಗೋಡೆಯಲ್ಲಿ ನಿಜವಾದ ಯಜಮಾನನಿದ್ದ ತುಂಡು ಒಂದೇ. ಕೆಳಗಿನ ಮೂಲೆಯಲ್ಲಿ, ನನ್ನ ಕಾಲೇಜಿನ ಕಾಲದ ಗಿಳಿಹಸಿರು ಅಂಗಿ. ದೃಷ್ಟಿಬೊಟ್ಟು.

ಗುಂಡ್ಲುಪೇಟೆಯವರು ಬಂದರು. ಹುಡುಗಿಯ ಅಪ್ಪ, ಅವರಿಗೆ ಅಲ್ಲಿ ತರಕಾರಿ ಮಂಡಿ, ಕೂರುವ ಮೊದಲೇ ಫೋನಿನಲ್ಲಿ ಯಾರಿಗೋ ಮಲಯಾಳದಲ್ಲಿ ಟೊಮ್ಯಾಟೊ ದರ ಹೇಳಿ ಮುಗಿಸಿದರು. ಜೊತೆಗೆ ಅವರ ತಾಯಿ, ಹುಡುಗಿಯ ಅಜ್ಜಿ, ಕೋಲು ಹಿಡಿದ ಸಣ್ಣ ಜೀವ. ನಮ್ಮ ಕಡೆಯಿಂದ ಮಾತಾಡಲು ದೊಡ್ಡಪ್ಪ, ಹಣೆ ತುಂಬ ವಿಭೂತಿ, ಹೆಗಲ ಮೇಲೆ ವಲ್ಲಿ ಟವೆಲು. ನಮ್ಮ ಕಡೆಯೆಂದರೆ ಅವರೊಬ್ಬರೇ ಕಡೆ. ಅತ್ತೆ ಬರದಿರಲೆಂದು ನಾನು ದೇವರಿಗೆ ಹರಕೆ ಕಟ್ಟಿದ್ದೆ. ಆದರೆ ಅವ್ವ ಆಗಲೇ ಅವರನ್ನು ಕರೆದುಬಿಟ್ಟಿದ್ದರು. ಹಿತ್ತಲ ಬಾಗಿಲಿನಿಂದ ನೇರ ಅಡುಗೆಮನೆಗೆ ಬಂದ ಅತ್ತೆ, ಹಾಲ್‌ನಲ್ಲಿ ಕುಳಿತವರೆಲ್ಲ ಹೆಣ್ಣಿನ ಕಡೆಯವರೆಂದು ತಿಳಿದು, ದೊಡ್ಡಪ್ಪನಿಗೆ ಒತ್ತಾಯ ಮಾಡಿ ಇನ್ನೊಂದು ಸೌಟು ಕೇಸರಿಬಾತ್ ಹಾಕಿದರು.

ಅಜ್ಜಿ ಕೋಲೂರಿ ಎದ್ದು ಬೊಂತೆಯ ಮೇಲೆ ಕೈಯಾಡಿಸಿದರು. ಯಾರು ಹೊಲಿದದ್ದು ಎಂದರು. ಅಷ್ಟು ಸಾಕಾಯಿತು ಅತ್ತೆಗೆ. ಮೇಲಿನ ಮೂಲೆಯಿಂದ ಶುರು ಮಾಡಿ ಒಂದೊಂದೇ ತುಂಡಿನ ಮೇಲೆ ಬೆರಳಿಟ್ಟು, ಇದು ಹುಡುಗನ ಅಜ್ಜಿಯದು, ಮೈಸೂರಿಗೆ ಹೋಗುವಾಗ ಮಾತ್ರ ಉಡುತ್ತಿದ್ದರಂತೆ, ಇದು ಭೀಮನಬೀಡಿನ ಚಿಕ್ಕತ್ತೆಯದು, ಇದು ಮಿಲಿಟರಿ ಮಾವನದು ಎಂದು ನಾನು ಹೇಳಿದ ಒಂದಕ್ಷರವನ್ನೂ ಬಿಡದೆ ಒಪ್ಪಿಸಿದರು. ಅವ್ವ ಬಾಯಿ ತೆರೆದುಕೊಂಡು ನಿಂತರು. ಮಂಡಿಯವರ ಮುಖ ಮಾತ್ರ ಅರಳುತ್ತಾ ಹೋಯಿತು. ಬಳಗ ದೊಡ್ಡದೇ ಇದೆ ಎಂದರು. ನಾನು ಸೋಫಾದ ಹಿಂದೆ ಜಾರಿ ಬೆರಳು ನಡುವಿನ ತುಂಡಿಗೆ ಬರುವುದನ್ನು ನೋಡುತ್ತಾ ನಿಂತೆ.

"ಇದು ಹುಡುಗನ ದೊಡ್ಡಪ್ಪಂದು," ಅವ್ವನಿಗೆ ಕೇಳಿಸದಿರಲೆಂದು ಅತ್ತೆ ದನಿ ತಗ್ಗಿಸಿದರು. "ಪಾಪ, ಓದ್ ತಿಂಗ್ಳು ತೀರ್ಕಂಡ್ರು."

ದೊಡ್ಡಪ್ಪನ ಚಮಚ ಬಾಯಿಯ ಹತ್ತಿರ ನಿಂತಿತು. "ಏನಾಗಿತ್ತವ್ವ ಅವ್ರಿಗೆ?"

"ಎದೆನೋವು ಕಣಣ್ಣ. ನಿಂತಂಗೇ ಓಗ್ಬುಟ್ರಂತೆ."

ದೊಡ್ಡಪ್ಪ ನನ್ನ ಕಡೆ ತಿರುಗಿದರು. "ನಿಂಗೆ ಎಷ್ಟು ಜನ ದೊಡ್ಡಪ್ಪಂದಿರ್ಲಾ?"

"ಒಬ್ರೇ," ಅಂದೆ.

"ಹಂಗಾರೆ ನಾನೇಯ," ಎಂದು ಚಮಚವನ್ನು ಬಾಯಿಗಿಟ್ಟುಕೊಂಡರು. ಅಗಿದು ನುಂಗಿ, "ತುಪ್ಪ ಚೆನ್ನಾಗಿ ಬಿದ್ದದೆ," ಎಂದೂ ಸೇರಿಸಿದರು.

ನಾನು ಎಲ್ಲವನ್ನೂ ಹೇಳಿದೆ. ಟಬ್ಬು, ಸಂತೆ, ಮೂಟೆ, ಬಂಡೆಗೆ ಕುಕ್ಕಿದ್ದು, ಎಲ್ಲ. ಮಂಡಿಯವರು ಕಾಫಿ ಲೋಟವನ್ನು ಕೆಳಗಿಟ್ಟರು. ಬದುಕಿರುವ ಹಿರಿಯರನ್ನೇ ಸಾಯಿಸುವವನು ನಾಳೆ ನಮ್ಮನ್ನು ಏನು ಮಾಡುತ್ತಾನೋ ಎಂದು ಅವರು ಮೆಲ್ಲಗೆ, ಸಿಟ್ಟಿಲ್ಲದೆ ಕೇಳಿದ್ದು ಬೈಗುಳಕ್ಕಿಂತ ಜೋರಾಗಿ ಕೇಳಿಸಿತು. ಅವ್ವ ಗೋಡೆಗೆ ಒರಗಿದರು. ಮತ್ತೆ ಅವರೆಕಾಯಿ ಸುಲಿಯುವ ಮುಖ ಬಂದಿತ್ತು.

ಅತ್ತೆಯ ಮುಖವನ್ನು ನೋಡಲು ನನಗೆ ಧೈರ್ಯ ಇರಲಿಲ್ಲ. ಬೀದಿಯ ಆ ತುದಿಗೆ ಕೇಳಿಸುವ ದನಿಯವರು, ಹತ್ತಿರವಿದ್ದ ನನಗೂ ಕಷ್ಟದಿಂದ ಕೇಳಿಸುವಷ್ಟು ಸಣ್ಣಗೆ, "ಹಂಗಾರೆ ಇವೆಲ್ಲ ಬೇವಾರ್ಸಿಯಾ?" ಅಂದರು. ಅನಂತರ ಒಂದು ಸ್ಟೂಲ್ ಎಳೆದು, ಹತ್ತಿ, ಬೊಂತೆಯ ಮೇಲಿನ ಕೊಕ್ಕೆಗಳನ್ನು ಬಿಚ್ಚತೊಡಗಿದರು. ಅವರ ಕೈಯಿಂದ ಹೊರಟ ಬೊಂತೆಯನ್ನು ಅವರೇ ಇಳಿಸುವುದನ್ನು ಬೀದಿಯಲ್ಲಿ ಯಾರೂ ನೋಡಿರಲಿಲ್ಲ.

ಎರಡನೇ ಕೊಕ್ಕೆ ಬಿಚ್ಚುವಷ್ಟರಲ್ಲಿ ದೊಡ್ಡಪ್ಪ ಎದ್ದರು. ಪಂಚೆಗೆ ಕೈ ಒರೆಸಿಕೊಂಡು, ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಸ್ಟೂಲಿನ ಕಡೆ ಚಾಚಿದರು.

"ಇಳಿಸ್ಬ್ಯಾಡ ಕಣವ್ವ. ಆ ಒಂದು ತುಂಡ ಕಿತ್ತಾಕಿ ಇದ ಹಾಕು. ಇದು ನಂದೇಯ. ಉಸ್ರಾಡ್ತಾ ಇರೋರ್ದು."

ಅತ್ತೆ ಸ್ಟೂಲಿನ ಮೇಲೆ ನಿಂತೇ ವಲ್ಲಿಯನ್ನು ತೆಗೆದುಕೊಂಡರು. ಹೆಬ್ಬೆರಳಿನಿಂದ ಉಜ್ಜಿದರು. ಅರಿಶಿನದ ಹೊಲದ ಮಣ್ಣು, ಬೆವರು, ವಿಭೂತಿ, ಎಲ್ಲ ಇದ್ದ ವಲ್ಲಿ. ಕನ್ನಡಕದ ಮೇಲಿನಿಂದ ದೊಡ್ಡಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮ್ಗೋಸ್ಕರ ನಾನು ತಣ್ಣೀರಲ್ಲಿ ತಲೆಗೆ ನೀರಾಕಂಡಿವ್ನಿ ಕಣಣ್ಣ," ಅಂದರು, ಲೆಕ್ಕ ಒಪ್ಪಿಸುವವರ ಹಾಗೆ. ದೊಡ್ಡಪ್ಪ ತಲೆ ಬಾಗಿಸಿ ಕೈ ಮುಗಿದರು.

ಆಗ ಅಜ್ಜಿ ಕೋಲಿನಿಂದ ಗೋಡೆಯ ಮೇಲ್ಭಾಗವನ್ನು ತೋರಿಸಿದರು.

"ಆ ಅನಾನಸ್‌ನ ಮಾತ್ರ ಕೀಳ್ಬ್ಯಾಡ ತಾಯಿ. ಹುಡುಗನ ಅಜ್ಜೀದು ಅಂದ್ಯಲ್ಲ, ನಂದು ಅಂತ ಇರ್ಲಿ. ನಾನೂ ಮೈಸೂರ್ಗೆ ಓಯ್ತಿರ್ತೀನಿ."

ನನಗೆ ಅರ್ಥವಾಗಲಿಲ್ಲ. ಅವ್ವನಿಗೆ ಮೊದಲು ಅರ್ಥವಾಯಿತು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮಂಡಿಯವರು, ಏನು ಹೇಳುತ್ತಿದ್ದೀಯ ಅವ್ವಾ ಎಂದು ತಾಯಿಯ ಕಡೆ ನೋಡಿದರು. ಅಜ್ಜಿ ಕೆಳಗಿಟ್ಟಿದ್ದ ಲೋಟವನ್ನು ಎತ್ತಿ ಮಗನ ಕೈಗೆ ಕೊಟ್ಟು, "ಕಾಫಿ ಕುಡಿ, ಆರೋಯ್ತದೆ," ಅಂದರು. ಅವರು ಕುಡಿದರು. ನನ್ನ ಮದುವೆ ಗೊತ್ತಾದದ್ದು ಹೀಗೆ. ಗೊತ್ತಾದ ಮೇಲೂ ಅದು ಗೊತ್ತಾಯಿತೆಂದು ನನಗೆ ಗೊತ್ತಾಗಿರಲಿಲ್ಲ. ಸಂಜೆ ಹುಡುಗಿಯೇ ಫೋನ್ ಮಾಡಿ, ಬದುಕಿರುವ ನೆಂಟರ ಲಿಸ್ಟು ಮಾತ್ರ ಹೇಳಿ, ಲಗ್ನಪತ್ರಿಕೆಗೆ ಹಾಕಿಸಬೇಕು ಎಂದಾಗ ತಿಳಿಯಿತು.

ಅತ್ತೆ ನನ್ನನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಬೇವಾರ್ಸಿ ಅನ್ನುವ ಹೆಸರು ಬಟ್ಟೆಯಿಂದ ಇಳಿದು ನನಗೆ ಅಂಟಿತು. ಹಾಲಿನವನ ಮುಂದೆ, ಮೇಡಂ ಮುಂದೆ, ಕಾನ್‌ಸ್ಟೇಬಲ್ ಮುಂದೆ, "ಬಾರ್ಲಾ ಬೇವಾರ್ಸಿ" ಎಂದೇ ಕರೆಯುತ್ತಿದ್ದರು. ತಾವು ಸುಮ್ಮನೆ ಮಾಡಿದ ಆ ಸ್ನಾನವನ್ನು ವಾಪಸ್ ಕೊಡು ಎಂದು ಕಾಡುತ್ತಿದ್ದರು. ಕೊನೆಗೆ ಒಂದು ಭಾನುವಾರ ಅವರ ಮನೆಯ ಹಂಡೆ ತುಂಬ ನೀರು ಸೇದಿ, ಸೌದೆ ಒಡೆದು, ಕಾಯಿಸಿ ಕೊಟ್ಟೆ. ಸೌದೆ ಹೊಗೆಗೆ ಬೀದಿಯವರು ಬೆಂಕಿ ಬಿತ್ತೆಂದು ಬಕೆಟ್ ಹಿಡಿದು ಬಂದದ್ದು ಬೇರೆ ವಿಷಯ. ಆಮೇಲೆ ಅತ್ತೆ ಸಂತೆಯ ತುಂಡುಗಳನ್ನು ಒಂದೊಂದಾಗಿ ಬಿಚ್ಚಿ, ಯಜಮಾನರಿರುವ ಬಟ್ಟೆ ಹಾಕುತ್ತಾ ಬಂದರು. ನನ್ನ ಧಾರೆ ಪಂಚೆಯ ಅಂಚು ಬಂತು, ಹೆಂಡತಿಯ ಕಾಲೇಜಿನ ಚೂಡಿದಾರ್ ಬಂತು, ಜಲಪಾತದ ದಿನ ಅವ್ವ ಉಟ್ಟಿದ್ದ ಸೀರೆಯೂ ಬಂತು. ಹೊಲಿಗೆ ಬಿಚ್ಚುವಾಗ ದಾರ ಹಿಡಿದು ಕೂರುವುದು ನನಗೆ ಶಿಕ್ಷೆ. ಭೀಮನಬೀಡಿನ ಚಿಕ್ಕತ್ತೆಯ ನೇರಳೆ ಪಟ್ಟೆಯನ್ನು ಮಾತ್ರ ನನ್ನ ಹೆಂಡತಿ ತೆಗೆಯಲು ಬಿಡಲಿಲ್ಲ. ಮನೆಗೆ ಬಂದವರಿಗೆಲ್ಲ ಈಗಲೂ ಅದರ ಮೇಲೆ ಬೆರಳಿಟ್ಟು, "ಇವ್ರು ಹುಟ್ಟೇ ಇಲ್ಲ, ಆದ್ರೂ ತುಂಬಾ ಒಳ್ಳೆಯವ್ರು," ಎಂದು ಪರಿಚಯ ಮಾಡಿಕೊಡುತ್ತಾಳೆ.

ಹೊಸ ತುಂಡುಗಳಲ್ಲಿ ಅಂಗಡಿಯ ವಾಸನೆ ಇರಲಿಲ್ಲವೇ, ಆವತ್ತೇ ನಿಮಗೆ ಗೊತ್ತಾಗಿರಲಿಲ್ಲವೇ ಎಂದು ಒಮ್ಮೆ ಕೇಳಿದೆ. ಅತ್ತೆ ಸೂಜಿಯನ್ನು ಭುಜಕ್ಕೆ ಚುಚ್ಚಿಕೊಂಡು, ಯಾರಾದರೂ ತಮ್ಮ ದೊಡ್ಡಪ್ಪ ಸತ್ತರು ಎಂದರೆ ಬಟ್ಟೆ ಮೂಸಿ ನೋಡುತ್ತಾರೇನೋ ಎಂದು ತಿರುಗಿ ಕೇಳಿದರು.

ಹೋದ ತಿಂಗಳು ಅತ್ತೆ ನಮ್ಮ ಬೀದಿ ಬಿಟ್ಟರು. ಕಣ್ಣು ಮಂಜಾಗಿ, ಕೆಂಪು ದಾರವೋ ಕಪ್ಪು ದಾರವೋ ಎಂದು ದಾರಿಯಲ್ಲಿ ಹೋಗುವವರನ್ನು ಕೂಗಿ ಕೇಳುವಂತಾಗಿತ್ತು. ಗುಂಡ್ಲುಪೇಟೆಯಲ್ಲಿರುವ ಮಗಳು ಬಂದು ಕರೆದುಕೊಂಡು ಹೊರಟಳು. ಕಣ್ಣು ಕೈಕೊಟ್ಟಿದೆ, ಬಾಯಿ ಕೊಟ್ಟಿಲ್ಲ, ಅಲ್ಲಿಯ ಹೆಂಗಸರ ಕೈಯಲ್ಲಿ ಹೊಲಿಸುತ್ತೇನೆ ಎಂದು ಅತ್ತೆ ಬೀದಿಗೆಲ್ಲ ಸಾರಿದರು. ಟೆಂಪೋದ ತುಂಬ ಬೊಂತೆ, ಮೇಲೆ ಲಂಗ ಉಟ್ಟ ಸಿಲಿಂಡರ್. ಬೀಳ್ಕೊಡಲು ಎಲ್ಲರೂ ನೆರೆದಿದ್ದಾಗ ಕುದೇರಿನಿಂದ ದೊಡ್ಡಪ್ಪ ಬಸ್ಸಿಳಿದು ಬಂದರು, ಕಂಕುಳಲ್ಲಿ ಒಂದು ಪೊಟ್ಟಣ. ಬಿಚ್ಚಿದರೆ ಒಗೆದು ಮಡಿಸಿದ ಹಳೇ ಲುಂಗಿ, ನಿಜವಾಗಿಯೂ ಅವರದು, ನಿಜವಾಗಿಯೂ ನೀಲಿ ಚೌಕಳಿ.

ಅತ್ತೆ ಅದನ್ನು ಹೆಬ್ಬೆರಳಿನಿಂದ ಉಜ್ಜಿದರು. ಮಂಜುಗಣ್ಣಿನಿಂದ ತಂದವರನ್ನು ಹುಡುಕುತ್ತಾ ಕೇಳಿದರು, "ಇದ್ಯಾರ್ದು?"

"ಸತ್ತೋರ್ದು," ಅಂದರು ದೊಡ್ಡಪ್ಪ.

ಅತ್ತೆ ನಕ್ಕ ನಗುವಿಗೆ ಭುಜದ ದಾರಗಳೆಲ್ಲ ಕುಣಿದವು. ಟೆಂಪೋ ಹೊರಟು ತಿರುವು ದಾಟಿದ ಮೇಲೂ ಆ ನಗು ಕೇಳಿಸುತ್ತಿತ್ತು.

ದೊಡ್ಡಪ್ಪನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ನಾನು ಜೊತೆಗೆ ನಡೆದೆ. ದಾರಿಯಲ್ಲಿ, ಅವತ್ತು ನಿಮ್ಮನ್ನು ಸಾಯಿಸಿದ್ದಕ್ಕೆ ಇನ್ನೂ ಸಿಟ್ಟಿದೆಯಾ ಎಂದು ಕೇಳಿದೆ. ಕುದೇರಿನ ಬಸ್ಸು ಬಂದು ನಿಂತಿತು. ಮೆಟ್ಟಿಲಿಗೆ ಒಂದು ಕಾಲಿಟ್ಟು ಹಿಂತಿರುಗಿ ನೋಡಿದರು.

"ನಂಗೆ ಮಕ್ಳಿಲ್ಲ, ನಾನು ಸತ್ರೆ ಅಳೋರ್ಯಾರು ಅಂತ ಒಂದು ಚಿಂತೆ ಇತ್ತು ಕಣ್ಲಾ. ಆ ಯಮ್ಮ ನನ್ ಮುಖನೇ ನೋಡಿರ್ನಿಲ್ಲ, ನಂದಲ್ದಿರ ಬಟ್ಟೆ ಮುಟ್ಟಿ ಅತ್ತು, ನೀರೂ ಹಾಕಂಡ್ಳು. ಅಳೋ ಕೆಲ್ಸ ಮುಗ್ದೋಗದೆ ಬುಡು. ಇನ್ನು ಸಾಯಕೆ ನಂಗೇನೂ ಅರ್ಜೆಂಟಿಲ್ಲ."